ಸಹಾಯ ಬೇಕು: ಹಾಕಿ ಹುಡುಗಿಯರಿಗೆ ಲಕ್ರಾಸ್ ಅಂಕಣದ ಪರಿಚಯ

ನಮಸ್ಕಾರ. ಪೊನ್ನಂಪೇಟೆಯಲ್ಲಿ ಹಾಕಿ ಆಡುವ ಹುಡುಗಿಯರಿಗೆ 12 ಮಂದಿಯ ಮಹಿಳಾ ಲಕ್ರಾಸ್ (ತುದಿಯಲ್ಲಿ ಬಲೆಯಿರುವ ಕೋಲಿನಿಂದ ಚೆಂಡನ್ನು ಹಿಡಿದು ಎಸೆಯುವ ಆಟ) ಕಲಿಸಲು ಹೊರಟಿದ್ದೇವೆ. ಗೋಲ್‌ಕೀಪರ್, ಡಿಫೆಂಡರ್, ಮಿಡ್‌ಫೀಲ್ಡರ್, ಅಟ್ಯಾಕರ್ ಎಂಬ ವಿಂಗಡಣೆ ಅವರಿಗೆ ಹೊಸತೇನಲ್ಲ; ತೊಡಕಿರುವುದು ಗೋಲಿನ ಮುಂದಿನ 8 ಮೀಟರ್ ಕಮಾನಿನಲ್ಲಿ. ಸ್ಟಿಕ್ ಅಳತೆಯ ಅಂತರದಲ್ಲಿ ಎದುರಾಳಿಯನ್ನು ಮಾರ್ಕ್ ಮಾಡದ (ಬೆನ್ನುಬಿಡದೆ ಕಾಯದ) ಡಿಫೆಂಡರ್ ಅದರೊಳಗೆ 3 ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲವಾದರೂ, ಹಾಕಿಯ ‘ಡಿ’ಯೊಳಗೆ (ಗೋಲಿನ ಮುಂದಿನ ಅರೆವೃತ್ತದಲ್ಲಿ) ಒತ್ತಾಗಿ ನಿಂತು ಗೋಲು ಕಾಯುವ ಅಭ್ಯಾಸವಾಗಿರುವ ನಮ್ಮವರು ಚೆಂಡು ಆಚೆ ಬದಿಗೆ ಹೋದರೂ ಕದಲುವುದಿಲ್ಲ. ರಿಸ್ಟ್ರೇನಿಂಗ್ ಲೈನ್ (ಗೋಲಿನಿಂದ ಒಂದಷ್ಟು ದೂರದಲ್ಲಿ ಅಂಕಣಕ್ಕೆ ಅಡ್ಡಲಾಗಿ ಎಳೆದ ಗೆರೆ) ದಾಟಿ ದಾಳಿಗೆ 7, ರಕ್ಷಣೆಗೆ ಗೋಲ್‌ಕೀಪರ್ ಸೇರಿ 8 ಮಂದಿಗೆ ಮಾತ್ರ ಅವಕಾಶವಿರುವುದರಿಂದ, ಆಟ ತಿರುಗಿದಾಗ ಯಾವ ಮಿಡ್‌ಫೀಲ್ಡರ್ ಹಿಂದುಳಿಯಬೇಕೆಂಬುದನ್ನು ಮೊದಲೇ ಗೊತ್ತುಪಡಿಸಬೇಕೇ, ಅಥವಾ ಆಯಾ ಕ್ಷಣದಲ್ಲಿ ಅವರೇ ಕೂಗಿ ತೀರ್ಮಾನಿಸಲು ಬಿಡಬೇಕೇ? ಈ ಆಟದಲ್ಲಿ ತರಬೇತಿ ನೀಡಿದ ಅಥವಾ ಅಂಪೈರಿಂಗ್ ಮಾಡಿದ ಅನುಭವವುಳ್ಳವರು, ಸಾಧ್ಯವಾದರೆ ಮಳೆ ಹಿಡಿಯುವ ಮೊದಲೇ (ಆಮೇಲೆ ಸುಣ್ಣದ ಗೆರೆ ಇಲ್ಲಿ ನಿಲ್ಲುವುದಿಲ್ಲ), ಸಲಹೆ ನೀಡಬೇಕೆಂದು ವಿನಂತಿ.