ಅಪ್‌ಡೇಟ್: ಅಮ್ಮನಿಗೆ ಬಾಗಿಲ ಚೌಕಟ್ಟು ಡೊಂಕಾಗಿ ಕಾಣುತ್ತಿದ್ದುದರ ಕಾರಣ ತಿಳಿಯಿತು

ಎಪ್ಪತ್ತೊಂದು ವರ್ಷದ ನನ್ನ ತಾಯಿಗೆ ಬಲಗಣ್ಣಿನಲ್ಲಿ ನೇರ ಗೆರೆಗಳು ಬಾಗಿ ಕಾಣುತ್ತಿವೆ, ಇದು ಕಣ್ಣಿನ ಪೊರೆಯೇ (ಕ್ಯಾಟರಾಕ್ಟ್) ಎಂದು ಇಲ್ಲಿ ಹಿಂದೆ ಕೇಳಿದ್ದೆ. ಕಾರಣ, ಕಣ್ಣಿನ ಹಿಂಭಾಗದಲ್ಲಿ ದ್ರವ ಸೋರುತ್ತಿದ್ದುದು. ಕನ್ನಡಕ ಬದಲಿಸಿದ್ದರಿಂದ ದುಡ್ಡು ಹೋದದ್ದಷ್ಟೇ. ವಿಟಮಿನ್ ಮಾತ್ರೆಗಳೂ ಈ ಹಂತದಲ್ಲಿ ಸೋರಿಕೆಯನ್ನು ನಿಲ್ಲಿಸಲಾರವು ಎಂದು ವೈದ್ಯರು ಹೇಳಿದರು. ಫಲ ಕೊಟ್ಟದ್ದು, ಆಮ್ಸ್ಲರ್ ಚೌಕಳಿ ಹಾಳೆಯನ್ನು (ದೃಷ್ಟಿ ಪರೀಕ್ಷಿಸಲು ನೇರ ಗೆರೆಗಳ ಚೌಕಳಿ ಬರೆದ ಹಾಳೆ) ಒಂದೊಂದೇ ಕಣ್ಣಿನಿಂದ ನೋಡಿಸಿ, ತಡಮಾಡದೆ ರೆಟಿನಾ (ಅಕ್ಷಿಪಟಲ) ತಜ್ಞರಲ್ಲಿಗೆ ಹೋಗಿ ಎಂದವರ ಸಲಹೆ. ಹಾಳೆಯ ನಡುವಿನ ಗೆರೆಗಳು ಒದ್ದೆ ಬಟ್ಟೆಯಂತೆ ಮುದುಡಿವೆ ಎಂದರು ಅಮ್ಮ.

ಕಣ್ಣಿನ ಹಿಂಭಾಗದ ಪದರಗಳ ಚಿತ್ರ ತೆಗೆಯುವ ಓಸಿಟಿ ಸ್ಕ್ಯಾನ್‌ನಲ್ಲಿ ಅಕ್ಷಿಪಟಲದಡಿ ದ್ರವ ಕಂಡಿತು. ಇದು ವಯೋಸಹಜ ಮ್ಯಾಕ್ಯುಲಾ ಕ್ಷಯ, ಅಂದರೆ ವಯಸ್ಸಾದಂತೆ ಅಕ್ಷಿಪಟಲದ ನಡುಭಾಗ ಹಾಳಾಗುವ ಕಾಯಿಲೆ ಎಂದರು ವೈದ್ಯರು. ಅಮ್ಮನಿಗಿರುವ ಅದರ 'ಒದ್ದೆ' ಬಗೆಯಲ್ಲಿ, ಅಕ್ಷಿಪಟಲದ ಹಿಂದಿರುವ ಕೊರಾಯ್ಡ್ ಎಂಬ ರಕ್ತನಾಳಗಳ ಪದರದಿಂದ ಹೊಸ ರಕ್ತನಾಳಗಳು, ನಡುವಿನ ಬ್ರೂಕ್ ಪೊರೆ ಎಂಬ ತೆಳು ಪದರವನ್ನು ಭೇದಿಸಿ ಬೆಳೆದು, ದುರ್ಬಲವಾದ ಅವುಗಳ ಗೋಡೆಗಳಿಂದ ದ್ರವವೂ ರಕ್ತವೂ ಸೋರುತ್ತವಂತೆ. ಆ ಬೆಳವಣಿಗೆಯನ್ನು ಪ್ರಚೋದಿಸುವ ವಿಇಜಿಎಫ್ ಎಂಬ ಪ್ರೋಟೀನನ್ನು ತಡೆಯುವ ಬೆವಾಸಿಜುಮಾಬ್ ಚುಚ್ಚುಮದ್ದು ಕೊಟ್ಟರು. ಕಣ್ಣೊಳಗೆ ಹೋದದ್ದು ಕೇವಲ 0.05 ಮಿಲಿಲೀಟರ್. ಅದು 2004ರಲ್ಲಿ ಅಮೆರಿಕದಲ್ಲಿ ದೊಡ್ಡಕರುಳಿನ ಕ್ಯಾನ್ಸರಿಗೆಂದು ಅನುಮೋದನೆ ಪಡೆದ ಔಷಧವೆಂದು ತಿಳಿದಾಗ ನಿಜಕ್ಕೂ ಬೆರಗಾಯಿತು.

ಚೌಕಟ್ಟು ಈಗ ಮೊದಲಿಗಿಂತ ನೆಟ್ಟಗೆ ಕಾಣುತ್ತಿದೆಯಂತೆ. ಎರಡನೆಯ ಚುಚ್ಚುಮದ್ದು ಮುಂದಿನ ತಿಂಗಳಿದೆ. ಚೌಕಳಿ ಹಾಳೆ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿದೆ.