ಪ್ರಾಸ್ಟೇಟ್ ಬಯಾಪ್ಸಿಗೆ ಲೋಕಲ್ ಅನಸ್ತೇಶಿಯಾ ಸಾಕಾಗುತ್ತಾ? ಮಾಡಿಸಿಕೊಂಡವರು ದಯವಿಟ್ಟು ಹೇಳಿ

ಪ್ರಶ್ನೆ:
ನನಗೆ 63 ವರ್ಷ. ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಗಾಗಿ ಮಾಡುವ ರಕ್ತಪರೀಕ್ಷೆ) ಏರುತ್ತಲೇ ಇದೆ, ಎಂಆರ್‌ಐನಲ್ಲಿ ಒಂದು ಕಡೆ ಅನುಮಾನ ಬರುವಂಥದ್ದು ಕಂಡಿದೆ. ಬಯಾಪ್ಸಿ ಮಾಡೋಣ, ಅಂದರೆ ಗ್ರಂಥಿಯಿಂದ ಸೂಜಿಯಲ್ಲಿ ಸಣ್ಣ ತುಣುಕು ತೆಗೆದು ಪರೀಕ್ಷಿಸೋಣ, ಲೋಕಲ್ (ಆ ಜಾಗ ಮಾತ್ರ ಮರಗಟ್ಟಿಸುವುದು) ಕೊಟ್ಟರೆ ಸಾಕು ಅಂದಿದ್ದಾರೆ ಡಾಕ್ಟರು. ಸೂಜಿ ಅಂದರೆ ನನಗೆ ಮೊದಲಿನಿಂದಲೂ ಭಯ. ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡಿ ಅಂತ ಕೇಳಲಾ, ಇಲ್ಲಾ ಲೋಕಲ್‌ನಲ್ಲೇ ತಡೆದುಕೊಳ್ಳಬಹುದಾ? ಇದ್ದದ್ದು ಇದ್ದ ಹಾಗೆ ಹೇಳಿ.

ಉತ್ತರ:
ಸರ್, ನನಗೆ ಮಾಡಿದ್ದು ಗುದದ್ವಾರದ ಮೂಲಕ. ಎಡಮಗ್ಗುಲಿಗೆ ಮಲಗಿಸಿ, ಮೊಣಕಾಲು ಎದೆಯ ಕಡೆ ಮಡಚಿಕೊಳ್ಳಿ ಅಂದರು. ಅಲ್ಟ್ರಾಸೌಂಡ್ ಪ್ರೋಬ್ ಒಳಗೆ ಹೋಗುವಾಗಲೇ ಎಲ್ಲಕ್ಕಿಂತ ಹೆಚ್ಚು ಕಷ್ಟವಾಗಿದ್ದು. ಅದೂ ನೋವು ಅನ್ನೋದಕ್ಕಿಂತ ಒತ್ತಡ, ಈಗಲೇ ಟಾಯ್ಲೆಟ್‌ಗೆ ಓಡಬೇಕು ಅನ್ನಿಸುತ್ತದೆ. ಆಮೇಲೆ ಎರಡೂ ಬದಿಗೆ ಮರಗಟ್ಟಿಸುವ ಇಂಜೆಕ್ಷನ್. ಚುಚ್ಚಿದ್ದು ಗೊತ್ತಾಯಿತು, ಸ್ವಲ್ಪ ಉರಿಯಿತು, ಅಷ್ಟೇ. ಕೆಲವು ನಿಮಿಷ ಬಿಟ್ಟು ತುಣುಕು ತೆಗೆಯಲು ಶುರು ಮಾಡಿದರು.

ತುಣುಕು ತೆಗೆಯುವ ಸೂಜಿಯ ಸಾಧನಕ್ಕೆ ಬಯಾಪ್ಸಿ ಗನ್ ಅಂತಾರೆ, ಅದು ಪ್ರತಿ ಸಲ 'ಟಪ್' ಅನ್ನುತ್ತದೆ. ಒಳಗಡೆ ಯಾರೋ ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ. ಮೊದಲ ಸಲ ಮೈ ಬೆಚ್ಚಿದ್ದು ಆ ಸದ್ದಿಗೇ ಹೊರತು ನೋವಿಗಲ್ಲ. ಶುರು ಮಾಡುವ ಮುಂಚೆ ಗನ್‌ನ ಸದ್ದು ಒಂದು ಸಲ ಕೇಳಿಸಿ ಅಂತ ಕೇಳಿ, ಖಂಡಿತ ಕೇಳಿಸುತ್ತಾರೆ. ನಿಮ್ಮಂತೆ ಭಯ ಇರುವವರಿಗೆ ಅದು ದೊಡ್ಡ ಸಹಾಯ.

ಉತ್ತರ:
ನನ್ನ ಅನುಭವ ಬೇರೆ, ಅದಕ್ಕೇ ಬರೆಯುತ್ತಿದ್ದೇನೆ. ಮೊದಲ ಬಯಾಪ್ಸಿಯಲ್ಲಿ ನನಗೆ ಬರೀ ಜೆಲ್ ಹಾಕಿ ಮಾಡಿದರು. ಅದನ್ನೂ ಲೋಕಲ್ ಅಂತಲೇ ಹೇಳಿದ್ದರು. ಒಂದೊಂದು ಸಲ ಚುಚ್ಚಿದಾಗಲೂ ಹಲ್ಲು ಕಚ್ಚಿ ಹಿಡಿದಿದ್ದೆ, ಕೊನೆಕೊನೆಗೆ ಕಣ್ಣಲ್ಲಿ ನೀರು ಬಂತು. ಎರಡನೆಯದು ಬೇರೆ ಕಡೆ, ಇಂಜೆಕ್ಷನ್ ಕೊಟ್ಟು ಮಾಡಿದರು. ಎರಡಕ್ಕೂ ಅಜಗಜಾಂತರ. ಜೆಲ್ ಮಾತ್ರವಾ, ಪ್ರಾಸ್ಟೇಟ್ ಸುತ್ತ ಇಂಜೆಕ್ಷನ್ನೂ ಕೊಡುತ್ತಾರಾ ಅಂತ ಬಿಡಿಸಿ ಕೇಳಿ ಸರ್. ಇಂಜೆಕ್ಷನ್ ಇಲ್ಲ ಅಂದರೆ ನಾನಂತೂ ಒಪ್ಪುವುದಿಲ್ಲ.

ಉತ್ತರ:
ಬಯಾಪ್ಸಿ ಕೊಠಡಿಯಲ್ಲಿ ನರ್ಸ್ ಆಗಿದ್ದೇನೆ. ಮೇಲಿನವರು ಹೇಳಿದ್ದು ಸರಿ, ಕಾರಣವನ್ನೂ ಹೇಳುತ್ತೇನೆ.

ಪ್ರಾಸ್ಟೇಟ್‌ಗೆ ಹೋಗುವ ನರಗಳು ಗ್ರಂಥಿಯ ಹಿಂಭಾಗದಲ್ಲಿ ಎಡಕ್ಕೂ ಬಲಕ್ಕೂ ಹಾಯುತ್ತವೆ. ಗ್ರಂಥಿಯ ಬುಡ (ಮೂತ್ರಕೋಶದ ಕಡೆಯ ಭಾಗ) ಮತ್ತು ವೀರ್ಯಕೋಶ ಸೇರುವಲ್ಲಿ ಕೊಬ್ಬು ತುಂಬಿದ ಸಂದು ಇದೆ. ಅಲ್ಟ್ರಾಸೌಂಡ್ ಪರದೆಯಲ್ಲಿ ಅದು ಬೆಳ್ಳಗೆ, ತ್ರಿಕೋನವಾಗಿ ಕಾಣುತ್ತದೆ. ಡಾಕ್ಟರು ಗುರಿ ಇಡುವುದು ಅಲ್ಲಿಗೆ. ಸಾಮಾನ್ಯವಾಗಿ ಶೇ. 1ರ ಲಿಡೊಕೇನ್ ಅನ್ನುವ ಮರಗಟ್ಟಿಸುವ ಔಷಧಿ, ಒಂದೊಂದು ಬದಿಗೆ 5 ಎಂಎಲ್. 1996ರಲ್ಲಿ ಮೊದಲು ವರದಿಯಾದ ಕ್ರಮ ಇದು, ಈಗ ಬಹಳ ಕಡೆ ರೂಢಿಯಲ್ಲಿದೆ. ಜೆಲ್ ಮರಗಟ್ಟಿಸುವುದು ಗುದದ್ವಾರವನ್ನು, ಒಳಗಿನ ಗ್ರಂಥಿಯನ್ನಲ್ಲ. ಪ್ರೋಬ್ ಒಳಗೆ ಹೋಗುವಾಗಿನ ನೋವಿಗೆ ಜೆಲ್, ತುಣುಕು ತೆಗೆಯುವಾಗಿನ ನೋವಿಗೆ ಇಂಜೆಕ್ಷನ್. ಹಾಗಾಗಿ ಎರಡೂ ಇದ್ದರೆ ಒಳ್ಳೆಯದು. ಜೆಲ್ ಹಾಕಿ ಹತ್ತು ನಿಮಿಷವಾದರೂ ಬಿಡಬೇಕು, ಇಂಜೆಕ್ಷನ್ ಕೊಟ್ಟ ಮೇಲೂ ಕೆಲ ನಿಮಿಷ ಕಾಯಬೇಕು. ಅವಸರ ಮಾಡಿದರೆ ಕೊಟ್ಟ ಔಷಧಿ ದಂಡ.

ಗ್ರಂಥಿಯ ತುದಿಭಾಗ ಗುದದ್ವಾರಕ್ಕೆ ಹತ್ತಿರ, ಅಲ್ಲಿ ನೋವು ಹೆಚ್ಚು. ನೋವಾದರೆ ಬಾಯಿಬಿಟ್ಟು ಹೇಳಿ. ಎಷ್ಟೋ ಜನ ಸಂಕೋಚಪಟ್ಟು ಸುಮ್ಮನೆ ಅನುಭವಿಸುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಇನ್ನಷ್ಟು ಕೊಡಲು ಸಾಮಾನ್ಯವಾಗಿ ಅವಕಾಶ ಇದ್ದೇ ಇರುತ್ತದೆ: ಲಿಡೊಕೇನ್ ಮಿತಿ ದೇಹತೂಕದ ಕೆಜಿಗೆ ಸುಮಾರು 4.5 ಮಿಲಿಗ್ರಾಂ, ಶೇ. 1ರ 10 ಎಂಎಲ್‌ನಲ್ಲಿ ಇರುವುದು 100 ಮಿಲಿಗ್ರಾಂ. ತುಟಿ ಜುಮ್ಮೆನ್ನುವುದು, ಕಿವಿಯಲ್ಲಿ ಗುಂಯ್‌ಗುಡುವುದು, ಬಾಯಲ್ಲಿ ಲೋಹದ ರುಚಿ ಬಂದರೆ ತಕ್ಷಣ ಹೇಳಿ, ರಕ್ತದಲ್ಲಿ ಔಷಧಿ ಹೆಚ್ಚಾದ ಲಕ್ಷಣ ಅವು. ಮೂಲವ್ಯಾಧಿ, ಗುದದಲ್ಲಿ ಬಿರುಕು, ಹಿಂದೆ ಇಂಥ ಇಂಜೆಕ್ಷನ್‌ಗೆ ಅಲರ್ಜಿ, ರಕ್ತ ತೆಳುವಾಗಿಸುವ ಮಾತ್ರೆ, ಇವನ್ನೆಲ್ಲ ಮೊದಲೇ ತಿಳಿಸಿ. ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಉತ್ತರ:
ನಮ್ಮ ಯಜಮಾನರಿಗೆ ವೃಷಣಕ್ಕೂ ಗುದಕ್ಕೂ ನಡುವಿನ ಚರ್ಮದ ಮೂಲಕ ಮಾಡಿದರು. ಆ ದಾರಿಯಲ್ಲಿ ಸೋಂಕಿನ ಭಯ ಕಡಿಮೆಯಂತೆ. ಅವರಿಗೂ ಲೋಕಲ್ಲೇ: ಮೊದಲು ಚರ್ಮಕ್ಕೆ, ಆಮೇಲೆ ಆಳಕ್ಕೆ. ಚರ್ಮಕ್ಕೆ ಕೊಟ್ಟಿದ್ದೇ ಬಹಳ ಉರಿಯಿತು, ಉಳಿದದ್ದು ತಡೆಯುವ ಹಾಗಿತ್ತು ಅಂದರು. ಔಷಧಿಗೆ ಸೋಡಿಯಂ ಬೈಕಾರ್ಬೊನೇಟ್ ಬೆರೆಸಿದರೆ ಆ ಉರಿ ತಗ್ಗುತ್ತದೆ ಅಂತ ಆಮೇಲೆ ತಿಳಿಯಿತು, ನೀವು ಕೇಳಿ ನೋಡಿ.

ಮರಗಟ್ಟಿದ್ದು ಒಂದೆರಡು ಗಂಟೆಯಲ್ಲಿ ಬಿಟ್ಟು ಮಂದ ನೋವು ಶುರುವಾಯಿತು, ಪ್ಯಾರಾಸಿಟಮಾಲ್‌ಗೆ ಬಗ್ಗಿತು. ಮೂತ್ರದಲ್ಲಿ ಕೆಲವು ದಿನ ರಕ್ತ, ವೀರ್ಯದಲ್ಲಿ ವಾರಗಟ್ಟಲೆ ಕಂದು ಬಣ್ಣ. ಅದು ಸಹಜ ಅಂತ ಗೊತ್ತಿಲ್ಲದೆ ಇಬ್ಬರೂ ಹೆದರಿದ್ದೆವು. ಆದರೆ ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಸಿಸ್ಟರ್, ಹಾಗಾದರೆ ಜನರಲ್ (ಪೂರ್ತಿ ಪ್ರಜ್ಞೆ ತಪ್ಪಿಸುವುದು) ಬೇಡ ಅಂತೀರಾ?

ಉತ್ತರ:
ಬೇಡ ಅನ್ನಲಾರೆ ಸರ್. ಗುದದಲ್ಲಿ ಬಿರುಕು ಇದ್ದು ಮುಟ್ಟಿದರೇ ನೋಯುವವರಿಗೆ, ಭಯದಲ್ಲಿ ಅಲುಗಾಡದೆ ಮಲಗಲು ಆಗದವರಿಗೆ ನಿದ್ದೆ ಬರಿಸಿ ಮಾಡುವುದೇ ಸರಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಹಾಗೆ ಮಾಡಿದರೆ ಹೊಟ್ಟೆ ಖಾಲಿ ಇರಬೇಕು, ಹೃದಯ-ಶ್ವಾಸಕೋಶದ ತಪಾಸಣೆ ಬೇಕಾಗಬಹುದು, ಮನೆಗೆ ಕರೆದೊಯ್ಯಲು ಜೊತೆಗೊಬ್ಬರು ಇರಬೇಕು. ನನ್ನನ್ನು ಕೇಳಿದರೆ ನಿಮಗೆ ಜೆಲ್, ಇಂಜೆಕ್ಷನ್ ಎರಡೂ ಕೊಟ್ಟರೆ ಸಾಕಾಗಬಹುದು. ಸೂಜಿ ಭಯದ ವಿಷಯ ಮಾತ್ರ ಈಗಲೇ ಫೋನ್ ಮಾಡಿ ಡಾಕ್ಟರಿಗೆ ಹೇಳಿ. ಟೇಬಲ್ ಮೇಲೆ ಮಲಗಿದ ಮೇಲೆ ಹೇಳಿದರೆ ನಿದ್ದೆಯ ಔಷಧಿ ಕೊಡುವವರನ್ನು ಕರೆಸಲು ಆಗಲಿಕ್ಕಿಲ್ಲ.