ಅಪ್‌ಡೇಟ್: ಲೇಸರ್ ಈಗಲೇ ಬೇಡ, ಒಂದು ವರ್ಷ ಕಾಯುತ್ತೇನೆ

ಮೂರು ವಾರದ ಹಿಂದೆ ಕೇಳಿದ್ದೆ: ವಯಸ್ಸು 21, ಎರಡೂ ಕಣ್ಣಿಗೆ ಮೈನಸ್ 4.5, ಕೆಲಸಕ್ಕೆ ಸೇರುವ ಮೊದಲೇ ಕನ್ನಡಕ ಬಿಡೋಕೆ ಕಣ್ಣಿಗೆ ಲೇಸರ್ ಮಾಡಿಸಲಾ ಅಂತ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

"ಹಳೇ ಕನ್ನಡಕದ ಚೀಟಿಗಳನ್ನು ಹುಡುಕಿ ನೋಡಿ" ಅಂದವರ ಮಾತೇ ಕೆಲಸಕ್ಕೆ ಬಂತು. ಅಮ್ಮ ಬೀರುವಿನಲ್ಲಿ ಎಲ್ಲ ಜೋಪಾನವಾಗಿ ಇಟ್ಟಿದ್ದರು. ಹೋದ ವರ್ಷ ಬರೀ 3.75 ಇತ್ತು! ಪವರ್ ಕನಿಷ್ಠ ಒಂದು ವರ್ಷ ಒಂದೇ ಕಡೆ ನಿಂತಿರಬೇಕು, 0.5ಕ್ಕಿಂತ ಜಾಸ್ತಿ ಬದಲಾಗಿರಬಾರದು ಅಂದರು ಡಾಕ್ಟರ್. ಈಗ ಅವಸರ ಮಾಡಿದರೆ ಮತ್ತೆ ಕನ್ನಡಕ ಬರಬಹುದಂತೆ. ಹಾಗಾಗಿ ಮುಂದಿನ ವರ್ಷ ಮತ್ತೆ ಪರೀಕ್ಷೆ.

ಕಣ್ಣಿನ ವ್ಯಾಯಾಮ, ಕ್ಯಾರೆಟ್ ಜ್ಯೂಸ್‌ನಿಂದ ಪವರ್ ಇಳಿಯಲಿಲ್ಲ.

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಗಮನಿಸಿ. ಲೆನ್ಸ್‌ನಿಂದ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಆಕಾರವೇ ಸ್ವಲ್ಪ ಬದಲಾಗಿರುತ್ತದೆ. ನನ್ನದು ಸಾಫ್ಟ್ ಲೆನ್ಸ್, ಎರಡು ವಾರ ಬಿಟ್ಟ ಮೇಲೆಯೇ ಅಳತೆ ತೆಗೆದರು. ಮಗುವಿಗೆ ಹಾಲು ಕುಡಿಸುತ್ತಿರುವ ಅಕ್ಕನಿಗೂ ಸದ್ಯಕ್ಕೆ ಲೇಸರ್ ಬೇಡ ಅಂದರು. ಆ ಸಮಯದಲ್ಲಿ ಪವರ್ ಏರುಪೇರಾಗಬಹುದು.

ನನಗೆ ಗೊತ್ತೇ ಇರದಿದ್ದ ವಿಷಯ ಇನ್ನೊಂದು. ಲೇಸರ್ ಸರಿಮಾಡುವುದು ಕಾರ್ನಿಯಾವನ್ನು ಮಾತ್ರ. ಮೈನಸ್ ಪವರ್‌ನವರ ಉದ್ದವಾಗಿ ಬೆಳೆದ ಕಣ್ಣುಗುಡ್ಡೆ ಹಾಗೇ ಇರುತ್ತದೆ ಅಲ್ವಾ, ಅದಕ್ಕೇ ಕನ್ನಡಕ ಹೋದರೂ ರೆಟಿನಾ (ಕಣ್ಣಿನ ಒಳಗಿನ ಹಿಂದಿನ ಪರದೆ) ತಪಾಸಣೆ ಬಿಡುವಂತಿಲ್ಲ.